ಹೊಸ ಕಾವಲಿಯನ್ನು ಪಳಗಿಸುವ ಕ್ರಮ

ಬಂಗಾರಪೇಟೆಯಿಂದ ಒಬ್ಬ ಸೋದರಿಯವರು ಬರೆದಿರುವ ಪತ್ರವು ಈ ತಿಂಗಳಿನ ವಿಷಯವನ್ನು ತಾನಾಗಿಯೇ ಗೊತ್ತುಮಾಡಿಕೊಟ್ಟಿರುವುದು. ಅವರು ಹೊಸದಾಗಿ ಸಂಸಾರ ಹೂಡಿದವರು. ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದಾಗ ಒಂದು ಬೀಡಿನ ಕಾವಲಿಯನ್ನು ಕೊಂಡುತಂದರಂತೆ. ನೆರೆಮನೆಯವರು ಹೇಳಿದ ಪ್ರಕಾರ ಅದಕ್ಕೆ ಎಣ್ಣೆ ಕುಡಿಸುವುದಕ್ಕಾಗಿ ಒಂದು ಸೌಟು ಕಡಲೆಕಾಯಿ ಎಣ್ಣೆಯನ್ನು ಹುಯ್ದು, ಮೂರು ದಿವಸ ಮೂಲೆಯಲ್ಲಿಟ್ಟಿದ್ದು, ನಾಲ್ಕನೆಯ ದಿವಸ ಬೆಳಗ್ಗೆ ದೋಸೆಗೆ ತೊಡಗಿದರಂತೆ. ದೋಸೆ ಏಳಲಿಲ್ಲ. ಕೆರೆದು ತೆಗೆದು ಮತ್ತೆ ಎಣ್ಣೆ ಹಾಕಿದರು, ಎರಡನೆಯದೂ ಏಳಲಿಲ್ಲ. ಒಂದು ವಾರ ಹೀಗೆಯೇ ನಡೆಯಿತು. ಅತ್ತೆಯವರು "ದೋಸೆಗೆ ಕೈಗುಣ ಬೇಕಮ್ಮ" ಎಂದರು. ಯಜಮಾನರು ಇದನ್ನು ಗುಜರಿಗೆ ಹಾಕಿ ಅಂಟದ ಲೇಪವುಳ್ಳ ತವಾ ತರೋಣವೆನ್ನುತ್ತಿರುವರು. ಕಾವಲಿಯನ್ನು ಬಿಡಬೇಕೋ, ತಮ್ಮ ಕೈಯನ್ನೇ ಹಳಿದುಕೊಳ್ಳಬೇಕೋ ತಿಳಿಸಬೇಕೆಂದು ಅವರು ಕೇಳಿರುವರು.

ಎರಡೂ ಬೇಡವೆಂಬುದೇ ನಮ್ಮ ಉತ್ತರ. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯನ್ನು ನಾವೆಲ್ಲರೂ ಆಡುವೆವು. ಆದರೆ ಹೊಸ ಕಾವಲಿಯ ಮೇಲೆ ಹರಿದುಹೋದ ದೋಸೆಯ ಲೆಕ್ಕವನ್ನು ಮಾತ್ರ ಮನೆಗೆ ಹೊಸದಾಗಿ ಬಂದ ಹೆಣ್ಣುಮಗಳ ಹೆಸರಿನಲ್ಲಿಯೇ ಬರೆಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿರುವುದು. ಅತ್ತೆಯವರ ಕೈಯಲ್ಲಿ ಲೀಲಾಜಾಲವಾಗಿ ಏಳುವ ದೋಸೆಯು ಇಪ್ಪತ್ತು ವರ್ಷ ಪಳಗಿದ ಕಾವಲಿಯಿಂದ ಏಳುತ್ತಿರುವುದೆಂಬುದನ್ನು ಯಾರೂ ನೆನೆಯುವುದಿಲ್ಲ. ಅದೇ ಕೈಗೆ ಅಂಗಡಿಯಿಂದ ಆಗತಾನೆ ಬಂದ ಕಾವಲಿಯನ್ನು ಕೊಟ್ಟು ನೋಡಿದರೆ ಕೈಗುಣವೆಷ್ಟು, ಕಾವಲಿಯ ಗುಣವೆಷ್ಟು ಎಂಬುದು ತಿಳಿದುಬರುವುದು.

ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಈ ಒಂದು ಪಾತ್ರೆಗಿರುವ ಹೆಸರುಗಳನ್ನು ಕೇಳುವುದೇ ಒಂದು ಸ್ವಾರಸ್ಯ. ಕನ್ನಡಿಗರು ಕಾವಲಿಯೆನ್ನುವರು, ಹೆಂಚು ಎಂದೂ ಹೇಳುವರು, ತಮಿಳರ ಮನೆಯಲ್ಲಿ ಅದು ದೋಸೆಕಲ್ಲು, ತೆಲುಗರಲ್ಲಿ ಪೆನಮು, ಉರ್ದು ಮಾತನಾಡುವವರಲ್ಲಿ ತವಾ. ಹೆಂಚು ಎಂಬ ಹೆಸರಿನಲ್ಲಿ ಸುಟ್ಟ ಮಣ್ಣೂ, ದೋಸೆಕಲ್ಲು ಎಂಬುದರಲ್ಲಿ ಶಿಲೆಯೂ ಇನ್ನೂ ಉಳಿದುಕೊಂಡಿರುವುವು. ಪದಾರ್ಥವು ಕಬ್ಬಿಣವಾಗಿ ಎಷ್ಟೋ ಕಾಲವಾದರೂ ಹೆಸರು ಬದಲಾಗಲಿಲ್ಲ. ಇಷ್ಟು ಭಾಷೆಗಳು ಒಂದೇ ಪೇಟೆಯಲ್ಲಿ ಕೂಡಿದುದಕ್ಕೆ ಕಾರಣವನ್ನು ಬೇರೆ ಹೇಳಬೇಕಾದುದಿಲ್ಲ. ೧೮೮೦ ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಗಣಿಯ ಕೆಲಸಕ್ಕೆ ಕೈಹಾಕಿದ ಮೇಲೆ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಜನರು ಕೆಲಸವನ್ನರಸಿ ಬಂದರು. ಆಗ ಬೌರಿಂಗ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ೧೮೯೪ ರಲ್ಲಿ ರೈಲುದಾರಿಯ ಕವಲು ತೆರೆಯಿತು. ಹಳ್ಳಿಯಲ್ಲಿ ಕೂಡುಕುಟುಂಬಕ್ಕೆ ಬಂದ ಸೊಸೆಗೆ ಹೊಸ ಕಾವಲಿಯ ಚಿಂತೆ ಅಷ್ಟಾಗಿ ಇರಲಾರದು. ಅವಳು ಬರುವ ಮೊದಲೇ ಒಲೆಯ ಬಳಿ ಕರ್ರಗೆ ಪಳಗಿದ ಕಾವಲಿಯೊಂದು ಇರುವುದು. ಊರು ಬಿಟ್ಟು ಬಂದು ಗಣಿಯ ಸಾಲುಮನೆಗಳಲ್ಲಿ ಒಲೆ ಹೂಡಿದವರ ಸ್ಥಿತಿಯು ಹಾಗಲ್ಲ. ಅಲ್ಲಿ ಪ್ರತಿಯೊಂದು ಸಂಸಾರವೂ ಹೊಸದು. ಕಾವಲಿಯನ್ನು ಪಳಗಿಸುವುದೂ ಮೊದಲಿನಿಂದ ಆಗಬೇಕಾದ ಕೆಲಸ.

ಈಗಿನ ತೊಡಕು ಬೇರೆ ಬಗೆಯದು. ೨೦೦೧ ನೆಯ ಫೆಬ್ರವರಿ ೨೮ ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದ ಬಳಿಕ ಅಲ್ಲಿಯ ಸಹಸ್ರಾರು ಮಂದಿ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ದಿನದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿರುವರು. ಬೆಳಗಿನ ಜಾವದ ರೈಲಿಗೆ ಬುತ್ತಿ ಕಟ್ಟಬೇಕಾದ ಮನೆಯಲ್ಲಿ ಕಾವಲಿಯೊಂದಿಗೆ ಗುದ್ದಾಡಲು ಯಾರಿಗೆ ಪುರಸೊತ್ತುಂಟು? ದೋಸೆ ಎರಡು ಸಲ ಹರಿದರೆ ರೈಲು ತಪ್ಪಿತು. ಲೇಪದ ತವಾಗಳು ಮನೆಮನೆಗೂ ಬಂದುದಕ್ಕೆ ಸೋಮಾರಿತನವು ಕಾರಣವಲ್ಲ, ವೇಳೆಯಿಲ್ಲದಿರುವುದೇ ಕಾರಣವೆಂಬುದು ನಮ್ಮ ಅಭಿಪ್ರಾಯ. ಆದಕಾರಣ ಈ ಕೆಲಸವನ್ನು ವಾರದ ದಿನಗಳಲ್ಲಿ ಎಂದಿಗೂ ಇಟ್ಟುಕೊಳ್ಳಬಾರದು. ಶನಿವಾರ ಸಾಯಂಕಾಲ ಒಂದೆರಡು ಗಂಟೆ, ಭಾನುವಾರ ಮತ್ತೊಂದೆರಡು ಗಂಟೆಗಳನ್ನು ಮೀಸಲಿಟ್ಟರೆ ಸಾಕು. ಆಮೇಲೆ ಆ ಕಾವಲಿಯು ಮೊಮ್ಮಕ್ಕಳ ಕಾಲದವರೆಗೆ ಬರುವುದು.

ಕಬ್ಬಿಣಕ್ಕೆ ಈ ಉಪಚಾರವು ಏಕೆ ಬೇಕೆಂಬುದನ್ನು ಮೊದಲು ತಿಳಿಯಬೇಕು. ಗಣಿಯ ಊರಿನವರಿಗೆ ಇದನ್ನು ಹೇಳುವುದು ಸುಲಭ. ಚಿನ್ನವು ಗಾಳಿಯಲ್ಲಿದ್ದರೂ ನೀರಿನಲ್ಲಿದ್ದರೂ ಕೆಡುವುದಿಲ್ಲ. ಕಲ್ಲಿನೊಳಗೆ ಕೋಟ್ಯಂತರ ವರ್ಷಗಳ ಕಾಲ ಹುದುಗಿದ್ದರೂ ಚಿನ್ನವಾಗಿಯೇ ಇರುವುದು. ಕಬ್ಬಿಣವು ಹಾಗಲ್ಲ. ಅದಕ್ಕೆ ಗಾಳಿಯಲ್ಲಿರುವ ಆಮ್ಲಜನಕದ ಮೇಲೆ ಬಹಳ ಮೋಹ; ಸ್ವಲ್ಪ ತೇವವು ಸಿಕ್ಕಿದರೆ ಸಾಕು, ಎರಡೂ ಸೇರಿ ತುಕ್ಕಾಗುವುವು. ಬರಿಯ ಕಬ್ಬಿಣವನ್ನು ತೊಳೆದು ಒದ್ದೆಯಾಗಿ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕೆಂಪಾಗುವುದನ್ನು ಎಲ್ಲರೂ ಕಂಡಿರುವರು. ಇದಲ್ಲದೆ, ಕಾದ ಬರಿಯ ಕಬ್ಬಿಣಕ್ಕೆ ಹಿಟ್ಟು ತಾಗಿದರೆ ಅದರಲ್ಲಿಯ ಸಾರವು ಲೋಹದ ಮೈಗೆ ಬಿಗಿಯಾಗಿ ಹಿಡಿದುಕೊಳ್ಳುವುದು. ಆದ್ದರಿಂದ ಲೋಹಕ್ಕೂ ಹಿಟ್ಟಿಗೂ ನಡುವೆ ಒಂದು ಪೊರೆ ಬೇಕು. ಪಳಗಿಸುವುದೆಂದರೆ ಆ ಪೊರೆಯನ್ನು ಕಟ್ಟುವುದು, ಅಷ್ಟೆ.

ಇಲ್ಲಿಯೇ ನಮ್ಮ ಮಾತು ನಮ್ಮನ್ನು ದಾರಿತಪ್ಪಿಸುವುದು. ಎಣ್ಣೆ ಕುಡಿಸುವುದೆಂದು ಹೇಳುವೆವಷ್ಟೆ. ಕಬ್ಬಿಣವು ಎಣ್ಣೆಯನ್ನು ಕುಡಿಯುವುದಿಲ್ಲ. ಹಸಿಯ ಎಣ್ಣೆಯನ್ನು ಮೂರು ದಿನವಲ್ಲ, ಮೂರು ತಿಂಗಳು ಅದರ ಮೇಲೆ ನಿಲ್ಲಿಸಿದರೂ ಅದು ಹಸಿಯ ಎಣ್ಣೆಯಾಗಿಯೇ ಇದ್ದು, ಕಡೆಗೆ ಕಮಟುವಾಸನೆ ಹಿಡಿಯುವುದೇ ಹೊರತು ಬೇರೇನೂ ಆಗುವುದಿಲ್ಲ. ಎಣ್ಣೆಯು ತೆಳ್ಳಗೆ ಹರಡಿ, ಕಾವನ್ನೂ ಗಾಳಿಯನ್ನೂ ಒಟ್ಟಿಗೆ ಉಂಡಾಗ ಅದರ ಅಣುಗಳು ಒಂದಕ್ಕೊಂದು ಕೈಹಿಡಿದುಕೊಂಡು ಬಲೆಯಂತೆ ಹೆಣೆದುಕೊಳ್ಳುವುವು. ಆಗ ಅದು ದ್ರವವಾಗಿರದೆ ಗಟ್ಟಿಯಾದ ಕಪ್ಪು ಚರ್ಮವಾಗುವುದು. ಪಲ್ಯ ಒಗ್ಗರಿಸುವ ಬಾಣಲೆಯ ಹೊರಮೈಯಲ್ಲಿ ಎಷ್ಟು ಉಜ್ಜಿದರೂ ಹೋಗದೆ ಕಂದುಬಣ್ಣದ ಪಟ್ಟೆಯೊಂದು ನಿಂತಿರುವುದಿಲ್ಲವೆ? ದೇವರ ಮುಂದಿನ ದೀಪದ ಕಂಬದ ಬುಡದಲ್ಲಿ ಹರಿದ ಎಣ್ಣೆಯು ಅಂಟಂಟಾಗಿ ಬಲಿತಿರುವುದಿಲ್ಲವೆ? ಅವೆರಡೂ ಇದೇ ಕ್ರಿಯೆಯ ಫಲಗಳು. ಬಾಣಲೆಯಲ್ಲಿ ಕಾವು ಹೆಚ್ಚು, ಪದರವು ತೆಳು, ಅದಕ್ಕೆ ಗಟ್ಟಿಯಾಯಿತು. ದೀಪದ ಬುಡದಲ್ಲಿ ಎಣ್ಣೆ ಹೆಚ್ಚು, ಕಾವು ಸಾಲದು. ಅದಕ್ಕೆ ಜಿಗುಟಾಗಿಯೇ ಉಳಿಯಿತು. ಬಂಗಾರಪೇಟೆಯ ಸೋದರಿಯವರ ಕಾವಲಿಯ ಮೇಲಿರುವುದು ದೀಪದ ಬುಡದ ಜಿಡ್ಡೇ ಹೊರತು ಬಾಣಲೆಯ ಪೊರೆಯಲ್ಲ. ಹಿಟ್ಟು ಅದಕ್ಕೆ ಅಂಟಿಕೊಂಡುದರಲ್ಲಿ ಆಶ್ಚರ್ಯವೇನು?

ಯಾವ ಎಣ್ಣೆಯನ್ನು ಉಪಯೋಗಿಸಬೇಕೆಂಬುದಕ್ಕೂ ಇದರಿಂದಲೇ ಉತ್ತರವು ದೊರೆಯುವುದು. ಹೆಣೆದುಕೊಳ್ಳುವ ಶಕ್ತಿಯು ಎಲ್ಲ ಎಣ್ಣೆಗಳಲ್ಲಿಯೂ ಸಮವಾಗಿಲ್ಲ. ರಸಾಯನಶಾಸ್ತ್ರಜ್ಞರು ಇದನ್ನು ಅಯೊಡೀನ್ ಅಂಕವೆಂಬ ಲೆಕ್ಕದಿಂದ ಅಳೆಯುವರು. ಸಾಮಾನ್ಯವಾಗಿ ಅಂಕವು ಹೆಚ್ಚಿದಷ್ಟೂ ಎಣ್ಣೆಯು ಬೇಗ ಒಣಗಿ ಪೊರೆಯಾಗುವುದು. ಅಗಸೆ ಎಣ್ಣೆಗೆ ಇದು ೧೭೦ ಕ್ಕೂ ಹೆಚ್ಚು. ಸೂರ್ಯಕಾಂತಿ ಎಣ್ಣೆಗೆ ಸುಮಾರು ೧೩೦. ಎಳ್ಳೆಣ್ಣೆಗೆ ೧೧೦ ರ ಆಸುಪಾಸು. ಕಡಲೆಕಾಯಿ ಎಣ್ಣೆಗೆ ೮೫ ರಿಂದ ೧೦೫. ತುಪ್ಪಕ್ಕೆ ೩೦ ರ ಸುಮಾರು. ಕೊಬ್ಬರಿ ಎಣ್ಣೆಗೆ ೧೦ ಕ್ಕಿಂತಲೂ ಸ್ವಲ್ಪ ಕಡಮೆ. ತುಪ್ಪವನ್ನೂ ಕೊಬ್ಬರಿ ಎಣ್ಣೆಯನ್ನೂ ದೋಸೆಯ ಮೇಲೆ ಧಾರಾಳವಾಗಿ ಹಾಕಿಕೊಳ್ಳಬಹುದು. ಹೊಸ ಕಾವಲಿಗೆ ಮಾತ್ರ ಅವು ಪ್ರಯೋಜನವಿಲ್ಲ. ಅಗಸೆ ಎಣ್ಣೆಯು ಎಲ್ಲಕ್ಕಿಂತ ಬೇಗ ಬಲಿಯುವುದಾದರೂ ಅದರ ಪೊರೆಯು ಹಪ್ಪಳದಂತೆ ಎದ್ದುಬರುವುದೂ ಉಂಟು. ಅಲ್ಲದೆ ಬಣ್ಣದ ಅಂಗಡಿಯಲ್ಲಿ ಮಾರುವ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹಗಳ ಲವಣಗಳನ್ನು ಬೆರೆಸಿರುವರು. ಅದನ್ನು ಅಡುಗೆಯ ಪಾತ್ರೆಗೆ ಮುಟ್ಟಿಸಲೇಬಾರದು. ಕೋಲಾರದ ಕಡೆ ಮನೆಯಲ್ಲಿ ಹೇಗೂ ಇರುವ ಕಡಲೆಕಾಯಿ ಎಣ್ಣೆ, ಇಲ್ಲವೆ ಎಳ್ಳೆಣ್ಣೆ ಸಾಕು. ಇದಕ್ಕಾಗಿ ಬೇರೆ ಎಣ್ಣೆಯನ್ನು ಕೊಳ್ಳುವುದು ದುಡ್ಡಿನ ದಂಡವೆಂದು ನಾವು ತಿಳಿದಿರುವೆವು.

ಇನ್ನು ಕ್ರಮವನ್ನು ಹೇಳುವೆವು. ಪೇಟೆಯಲ್ಲಿ ಸಿಕ್ಕುವ ಕಾವಲಿಗಳು ಎರಡು ಜಾತಿಯವು. ಕಬ್ಬಿಣದ ತಗಡನ್ನು ಕತ್ತರಿಸಿ ಬಡಿದು ಮಾಡಿದುದು ಒಂದು. ಕರಗಿಸಿ ಅಚ್ಚಿಗೆ ಹುಯ್ದ ಬೀಡಿನದು ಮತ್ತೊಂದು. ನಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ ೧೯೨೩ ರಿಂದ ತಯಾರಾಗತೊಡಗಿದುದು ಈ ಬೀಡು ಕಬ್ಬಿಣವೇ. ಬೀಡಿನಲ್ಲಿ ಇಂಗಾಲವು ನೂರಕ್ಕೆ ಎರಡರಿಂದ ನಾಲ್ಕು ಭಾಗದವರೆಗೆ ಇರುವುದರಿಂದ ಅದು ಗಡುಸು, ಆದರೆ ಪೆಡಸು. ಕೈಜಾರಿ ಕಲ್ಲುನೆಲದ ಮೇಲೆ ಬಿದ್ದರೆ ಒಡೆಯುವುದು, ಕಾದಿರುವಾಗ ತಣ್ಣೀರು ಸುರಿದರೆ ಬಿರುಕು ಬಿಡುವುದು. ತಗಡಿನದು ಒಡೆಯುವುದಿಲ್ಲ, ಬೇಗ ಕಾಯುವುದು, ಬೇಗ ಆರುವುದು, ತೆಳ್ಳಗಿದ್ದರೆ ಸೊಟ್ಟಗಾಗುವುದು. ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡಿರಿ. ಬಿರುಕಿಲ್ಲದ ಬೀಡು ಗಂಟೆಯಂತೆ ಮೊಳಗುವುದು, ಬಿರುಕಿದ್ದರೆ ಬೊದ್ದೆನ್ನುವುದು.

ಅಂಗಡಿಯಿಂದ ಬಂದ ಕಾವಲಿಯ ಮೇಲೆ ತುಕ್ಕು ಹಿಡಿಯದಿರಲೆಂದು ಮಾಡುವವರು ಯಂತ್ರದ ಎಣ್ಣೆಯನ್ನೋ ಮೇಣವನ್ನೋ ಬಳಿದಿರುವುದುಂಟು. ಅದು ಹೊಟ್ಟೆಗೆ ಹೋಗತಕ್ಕ ಪದಾರ್ಥವಲ್ಲ. ಬಿಸಿನೀರು, ಸಾಬೂನು, ತೆಂಗಿನ ನಾರುಗಳಿಂದ ಒಳಮೈ, ಹೊರಮೈ, ಹಿಡಿ ಎಲ್ಲವನ್ನೂ ಎರಡು ಮೂರು ಸಲ ತಿಕ್ಕಿ ತೊಳೆಯಬೇಕು. ಸಾಬೂನನ್ನು ಕಾವಲಿಗೆ ಮುಟ್ಟಿಸಬಾರದೆಂಬ ಮಾತು ಪಳಗಿದ ಕಾವಲಿಗೆ ಸಂಬಂಧಪಟ್ಟುದು, ಇದಕ್ಕಲ್ಲ. ಸೀಗೆಪುಡಿ, ಬೂದಿಗಳಿಂದಲೂ ಆಗಬಹುದು. ಬೀಡಿನ ಮೈಯಲ್ಲಿ ಅಚ್ಚಿನ ಮರಳು ಕೈಗೆ ಒರಟಾಗಿ ತಗುಲಿದರೆ ಇಟ್ಟಿಗೆಯ ಚೂರಿನಿಂದ ಸಮನಾಗಿ ಉಜ್ಜಿರಿ. ಮೊದಲೇ ಪಳಗಿಸಿದುದೆಂಬ ಚೀಟಿಯನ್ನು ಅಂಟಿಸಿ ಮಾರುವ ಕಾವಲಿಗಳೂ ಈಗ ಬರುತ್ತಿರುವುವು; ಅವುಗಳಿಗೆ ಈ ಉಜ್ಜಾಟ ಬೇಡ. ಮೆಲ್ಲಗೆ ತೊಳೆದು, ಮುಂದೆ ಹೇಳುವಂತೆ ಎರಡು ಸಲ ಎಣ್ಣೆಯಿಟ್ಟು ಕಾಯಿಸಿದರೆ ಆಯಿತು.

ಅಕ್ಕಿ ತೊಳೆದ ನೀರಿನಲ್ಲಿ ಅಥವಾ ಗಂಜಿಯಲ್ಲಿ ಮೂರು ದಿನ ನೆನೆಹಾಕುವ ಪದ್ಧತಿಯೊಂದು ನಮ್ಮಲ್ಲಿಯೂ ತಮಿಳುಸೀಮೆಯಲ್ಲಿಯೂ ಬಹಳ ಹಿಂದಿನಿಂದ ನಡೆದುಬಂದಿರುವುದು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆ ನೀರು ಹುಳಿಯೇರಿ, ಮೈಮೇಲಿನ ಸಡಿಲವಾದ ತುಕ್ಕನ್ನೂ ಕರಿಯನ್ನೂ ಬಿಡಿಸುವುದು. ನೀರು ಕೆಂಪಾದರೆ ಹೆದರಬೇಕಾದುದಿಲ್ಲ; ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಬೇಕು. ಆದರೆ ಇದು ಒರಟಾದ ಬೀಡಿಗೆ ಮಾತ್ರ ಬೇಕಾದುದು. ತಗಡಿನ ಕಾವಲಿಗೆ ಒಂದು ರಾತ್ರಿ ಹೆಚ್ಚು. ನೆನೆಹಾಕಿದುದರಿಂದಲೇ ಕಾವಲಿ ಪಳಗಿತೆಂದು ತಿಳಿಯಬಾರದು. ಇದು ತೊಳೆಯುವುದರ ಒಂದು ಬಗೆ. ಪಳಗಿಸುವುದು ಇನ್ನು ಮುಂದೆ.

ತೊಳೆದೊಡನೆ ಬಟ್ಟೆಯಿಂದ ಒರೆಸಿ, ಸಣ್ಣ ಉರಿಯ ಮೇಲಿಟ್ಟು, ನೀರಿನ ಪಸೆಯು ಪೂರ್ತಿಯಾಗಿ ಹಾರಿಹೋಗುವವರೆಗೆ ಕಾಯಿಸಿರಿ. ಕೈಗೆ ಬಿಸಿ ತಗುಲುವಷ್ಟಕ್ಕೆ ಆರಿದ ಮೇಲೆ, ಒಂದಡಿ ಅಗಲದ ಕಾವಲಿಗೆ ಅರ್ಧ ಚಿಕ್ಕ ಚಮಚೆಯಷ್ಟು ಎಣ್ಣೆಯನ್ನು ಹಳೆಯ ಹತ್ತಿಯ ಬಟ್ಟೆಯಿಂದ ಎಲ್ಲ ಕಡೆಗೂ ಹಚ್ಚಬೇಕು. ಆಮೇಲೆ ಮಾಡಬೇಕಾದುದೇ ಮುಖ್ಯವಾದುದು, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ: ಮತ್ತೊಂದು ಒಣಬಟ್ಟೆಯನ್ನು ತೆಗೆದುಕೊಂಡು ಆ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಎಣ್ಣೆಯನ್ನು ಹಚ್ಚಬಾರದಾಗಿತ್ತು, ಮರೆತು ಹಚ್ಚಿಬಿಟ್ಟೆವು, ಯಾರೂ ನೋಡುವುದಕ್ಕೆ ಮೊದಲು ತೆಗೆಯಬೇಕು ಎಂಬಂತೆ ಒರೆಸಬೇಕು. ಕಣ್ಣಿಗೆ ಎಣ್ಣೆ ಕಾಣಿಸಬಾರದು. ಮೈ ಕೊಂಚ ಮಿರುಗುತ್ತಿದ್ದರೆ ಸಾಕು. ನಿಜವಾಗಿ ಬೇಕಾದ ಎಣ್ಣೆಯು ಅಷ್ಟೇ.

ಈಗ ನಡುತರದ ಉರಿಯಲ್ಲಿ ಕಾಯಿಸಿರಿ. ಸ್ವಲ್ಪ ಹೊತ್ತಿನಲ್ಲಿ ತೆಳ್ಳಗಿನ ಹೊಗೆ ಏಳುವುದು. ಬೆಳ್ಳಗಿದ್ದ ಲೋಹವು ಹಳದಿಯಾಗಿ, ಜೇನಿನ ಬಣ್ಣವಾಗಿ, ಕಂದಾಗುತ್ತ ಬರುವುದು. ಹೊಗೆ ತಾನಾಗಿ ನಿಲ್ಲುವವರೆಗೆ, ಸುಮಾರು ಹತ್ತು ಹದಿನೈದು ನಿಮಿಷ, ಹಾಗೆಯೇ ಇಟ್ಟಿದ್ದು ಆರಗೊಡಬೇಕು. ಇದು ಒಂದು ಸಲವಾಯಿತು. ಹೀಗೆಯೇ ಐದಾರು ಸಲ ಮಾಡಬೇಕು. ಪ್ರತಿಸಲವೂ ಹಿಂದಿನ ಪೊರೆಯ ಮೇಲೆ ಮತ್ತೊಂದು ಪೊರೆ ಬಲಿತು, ಕಡೆಗೆ ಕಾವಲಿಯು ಕಪ್ಪಾಗಿ ನುಣುಪಾಗುವುದು. ಒಂದೇ ಸಲಕ್ಕೆ ಐದರಷ್ಟು ಎಣ್ಣೆಯನ್ನು ಹಾಕಿ ಮುಗಿಸೋಣವೆಂದರೆ ಆಗದು. ದಪ್ಪ ಪದರದ ಮೇಲ್ಮೈ ಬೇಯುವುದು, ಒಳಗೆ ಅಂಟಾಗಿಯೇ ಉಳಿಯುವುದು.

ಸೌದೆಯ ಒಲೆಯಲ್ಲಿ ಉರಿಯು ಕಾವಲಿಯ ತಳವನ್ನೆಲ್ಲ ಆವರಿಸುತ್ತಿದ್ದುದರಿಂದ ಅಂಚೂ ನಡುವೂ ಒಂದೇ ಸಮನಾಗಿ ಪಳಗುತ್ತಿದ್ದುವು. ಗ್ಯಾಸಿನ ಒಲೆಯ ಉರಿ ಉಂಗುರದಷ್ಟಕ್ಕೆ ಮಾತ್ರ. ನಡುವೆ ಕಪ್ಪಾಗಿ, ಅಂಚು ಬೆಳ್ಳಗೆ ಉಳಿಯುವುದು. ಆಮೇಲೆ ದೋಸೆಯ ನಡುವೆ ಎದ್ದು ಅಂಚು ಹಿಡಿದುಕೊಳ್ಳುವುದು. ಆದುದರಿಂದ ಎರಡೆರಡು ನಿಮಿಷಕ್ಕೊಮ್ಮೆ ಇಕ್ಕಳದಿಂದ ಕಾವಲಿಯನ್ನು ಸರಿಸಿ, ನಾಲ್ಕು ದಿಕ್ಕಿನ ಅಂಚನ್ನೂ ಉರಿಯ ಮೇಲೆ ಬರಿಸಬೇಕು. ಕಿಟಕಿ ಬಾಗಿಲುಗಳನ್ನು ತೆರೆದಿಡಿರಿ. ಚಿಕ್ಕ ಮಕ್ಕಳನ್ನೂ ಉಬ್ಬಸವುಳ್ಳವರನ್ನೂ ಹೊರಗೆ ಕೂರಿಸಿರಿ. ಒಂದೇ ಕೋಣೆಯ ಸಾಲುಮನೆಗಳಲ್ಲಿರುವವರು ಈ ಕೆಲಸವನ್ನು ಅಂಗಳದಲ್ಲಿ ಸೌದೆಯ ಒಲೆಯನ್ನೊ ಇದ್ದಿಲ ಒಲೆಯನ್ನೊ ಹೂಡಿ ಮಾಡಿಕೊಳ್ಳುವುದು ಎಲ್ಲ ವಿಧದಿಂದಲೂ ಮೇಲು. ಒರೆಸಿದ ಎಣ್ಣೆಬಟ್ಟೆಗಳನ್ನು ಮುದ್ದೆಮಾಡಿ ಒಲೆಯ ಬಳಿಯ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯ ಬಟ್ಟೆಯಂತೂ ಮುದ್ದೆಯಾಗಿ ಬಿದ್ದಿದ್ದರೆ ತನ್ನೊಳಗೇ ಕಾವೇರಿ ಹೊತ್ತಿಕೊಳ್ಳುವುದುಂಟು. ತೊಳೆದು ಬಿಡಿಸಿ ಒಣಹಾಕಿರಿ.

ಈರುಳ್ಳಿಯ ಮಾತನ್ನು ಆಡದೆ ಬಿಟ್ಟರೆ ಹಿರಿಯ ಸೋದರಿಯರು ಒಪ್ಪುವುದಿಲ್ಲ. ಅರ್ಧಮಾಡಿದ ಈರುಳ್ಳಿಯನ್ನು ಸೌಟಿನ ತುದಿಗೆ ಚುಚ್ಚಿ ಎಣ್ಣೆಯಲ್ಲದ್ದಿ ಕಾವಲಿಯ ಮೇಲೆ ಉಜ್ಜುವುದು, ಬದನೆಕಾಯಿಯ ತೊಟ್ಟಿನ ಭಾಗದಿಂದ ಸವರುವುದು, ಬಟ್ಟೆಯ ಗಂಟು ಕಟ್ಟಿಕೊಳ್ಳುವುದು, ಇವೆಲ್ಲವೂ ಒಂದೇ ಕೆಲಸವನ್ನು ಮಾಡುವುವು: ಎಣ್ಣೆಯನ್ನು ತೆಳ್ಳಗೆ, ಸಮನಾಗಿ ಹರಡುವುವು. ಈರುಳ್ಳಿಯಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಆದರೆ ಅದು ಸುಡುವ ಕಾವಲಿಯ ಮೇಲೆ ಬಟ್ಟೆಯಂತೆ ಕರಿಯುವುದಿಲ್ಲ, ಮನೆಯಲ್ಲಿ ಯಾವಾಗಲೂ ಇರುವುದು, ವಾಸನೆಯೂ ಸೊಗಸು. ಪಳಗಿಸಿದ ಕಾವಲಿಯಲ್ಲಿ ಮೊದಲು ಒಂದೆರಡು ಹಿಡಿ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯೊಡನೆ ಕರ್ರಗಾಗುವಂತೆ ಹುರಿದು ಚೆಲ್ಲುವ ಪದ್ಧತಿಯು ಒಳ್ಳೆಯದು. ಹೊಸ ಲೋಹದ ವಾಸನೆಯೇನಾದರೂ ಉಳಿದಿದ್ದರೆ ಅದರೊಡನೆ ಹೋಗುವುದು.

ಪಳಗಿಸಿದ ಮರುದಿನವೇ ತೆಳು ದೋಸೆಗೆ ಕೈಹಾಕುವುದು ಅವಸರ. ಮೊದಲನೆಯ ವಾರ ಎಣ್ಣೆ ಹಾಕಿ ಬೇಯಿಸುವ ಅಕ್ಕಿರೊಟ್ಟಿ, ರಾಗಿರೊಟ್ಟಿ, ಈರುಳ್ಳಿ ಹಾಕಿದ ದಪ್ಪ ದೋಸೆ ಇವುಗಳನ್ನು ಮಾಡಿಕೊಳ್ಳಿರಿ. ರೊಟ್ಟಿಯನ್ನು ಆರಿದ ಕಾವಲಿಯ ಮೇಲೆಯೇ ತಟ್ಟಿ ಒಲೆಗೇರಿಸುವುದರಿಂದ ಎಣ್ಣೆಯೂ ಕಾವೂ ನಿಧಾನವಾಗಿ ಎಲ್ಲೆಡೆಗೂ ಸೇರಿ ಪೊರೆ ಇನ್ನಷ್ಟು ಬಲಿಯುವುದು. ಟೊಮಾಟೊ, ಹುಣಸೆ, ನಿಂಬೆ ಇವುಗಳ ಹುಳಿಯು ಎಳೆಯ ಪೊರೆಯನ್ನು ತಿಂದುಹಾಕುವುದರಿಂದ ಒಂದೆರಡು ತಿಂಗಳು ಅವನ್ನು ದೂರವಿಡಬೇಕು. ಹೋಳಿಗೆಯ ಬೆಲ್ಲ ಸೀದರೆ ಕೆರೆಯಬೇಕಾಗುವುದು; ಅದಕ್ಕೂ ಈಗಲೇ ಬೇಡ. ಚಪಾತಿಗೆ ಬೇರೆ ಕಾವಲಿಯನ್ನಿಟ್ಟುಕೊಳ್ಳುವ ಮನೆಗಳ ವಾಡಿಕೆಯು ವಿವೇಕವಾದುದು. ಉದುರುವ ಒಣಹಿಟ್ಟು ಸೀದು ದೋಸೆಯ ಕಾವಲಿಯ ಮೈಯನ್ನು ಒರಟುಮಾಡುವುದು.

ಹತ್ತು ದಿನಗಳಾದ ಮೇಲೆ ದೋಸೆ. ಇಲ್ಲಿ ಕಾವಿನ ಹದವೂ ಮುಖ್ಯ. ನೀರನ್ನು ಚಿಮುಕಿಸಿದರೆ ಚುಂಯ್ ಎಂದು ಅಲ್ಲಿಯೇ ಆರಿಹೋಗುವ ಕಾವು ಸರಿಯಾದುದು. ಹನಿಗಳು ಮುತ್ತಿನಂತೆ ಗುಂಡಾಗಿ ಓಡಾಡಿದರೆ ಕಾವು ಮಿತಿಮೀರಿತೆಂದು ತಿಳಿಯಿರಿ. ಆಗ ಹಿಟ್ಟು ಹರಡದೆ ಸೌಟಿನೊಡನೆಯೇ ಎದ್ದುಬರುವುದು. ಉರಿಯನ್ನು ಇಳಿಸಿ, ಮತ್ತೆ ನಾಲ್ಕು ಹನಿ ಚಿಮುಕಿಸಿ ಒರೆಸಿ ಹುಯ್ಯಬೇಕು. ದೋಸೆಯು ಬೆಂದು ಅಂಚು ತಾನಾಗಿ ಬಿಡುವವರೆಗೆ ಸಟ್ಟುಗವನ್ನು ತೂರಿಸಬಾರದು. ಬಲವಂತಕ್ಕೆ ಬಾರದ ದೋಸೆ ಅರ್ಧ ನಿಮಿಷ ತಾಳಿದರೆ ಬರುವುದು.

ಬಂಗಾರಪೇಟೆಯ ಸೋದರಿಯವರ ಕಾವಲಿಗೆ ಈಗ ಮಾಡಬೇಕಾದುದಿಷ್ಟು. ಅದರ ಮೇಲಿನ ಅಂಟನ್ನು ಬಿಸಿನೀರು, ಸಾಬೂನು, ಬೂದಿಗಳಿಂದ ಸಂಪೂರ್ಣವಾಗಿ ತೆಗೆಯಬೇಕು. ಅದಕ್ಕೂ ಜಗ್ಗದಿದ್ದರೆ ಬಟ್ಟೆಸೋಡವನ್ನು ಹಾಕಿದ ನೀರನ್ನು ಕಾವಲಿಯಲ್ಲಿಯೇ ಕುದಿಸಿ ಕೆರೆಯಬಹುದು. ಬೆಳ್ಳಗಿನ ಕಬ್ಬಿಣ ಕಾಣಿಸಿದರೂ ಚಿಂತೆಯಿಲ್ಲ. ಅಲ್ಲಿಂದ ಮುಂದಕ್ಕೆ ಮೇಲೆ ಹೇಳಿದ ಕ್ರಮವೇ. ಕಬ್ಬಿಣದ ಗುಣವೇ ಅದು, ಎಷ್ಟು ಸಲ ಕೆಟ್ಟರೂ ಮೊದಲಿನಿಂದ ಆರಂಭಿಸಲು ಬರುವುದು. ತುಕ್ಕು ತಿಂದು ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ಕಾವಲಿಯೂ ಬಿರುಕು ಬಿಟ್ಟಿರದಿದ್ದರೆ ಎರಡು ದಿನಗಳಲ್ಲಿ ಒಲೆಗೆ ಬರುವುದು. ಈ ಎರಡು ದಿನಗಳ ಒರೆಸುವ, ಕಾಯಿಸುವ ಕೆಲಸದಲ್ಲಿ ಕೈಗುಣವನ್ನು ತೋರಿಸುವ ಭಾಗ್ಯವು ಯಜಮಾನರಿಗೂ ದೊರೆಯಲೆಂದು ನಮ್ಮ ಸೂಚನೆ. ಬೀಡಿನ ಕಾವಲಿ ಭಾರವಾದುದು.

ಲೇಪದ ತವಾಗಳ ಬಗ್ಗೆ ಕೇಳಿರುವುದರಿಂದ ಒಂದೆರಡು ಮಾತು. ಆ ಲೇಪವನ್ನು ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರು ೧೯೩೮ ರಲ್ಲಿ ಅಕಸ್ಮಾತ್ತಾಗಿ ಕಂಡುಹಿಡಿದರು. ಹದವಾದ ಉರಿಯಲ್ಲಿ ಅದರಿಂದ ಭಯವಿಲ್ಲ. ಆದರೆ ಸುಮಾರು ೨೬೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಅದು ಕೆಡತೊಡಗುವುದು. ಖಾಲಿ ತವಾವನ್ನು ದೊಡ್ಡ ಉರಿಯ ಮೇಲೆ ಮರೆತರೆ ಏಳುವ ಹೊಗೆಯು ಕೆಟ್ಟದ್ದು, ಅದರಿಂದ ಮನೆಯಲ್ಲಿ ಸಾಕಿದ ಹಕ್ಕಿಗಳು ಸತ್ತಿರುವುದೂ ಉಂಟು. ಕಬ್ಬಿಣದ ಸಟ್ಟುಗ ತಾಗಿದರೆ ಗೀರು ಬೀಳುವುದು. ಲೇಪವು ಎದ್ದ ತವಾಕ್ಕೆ ಎರಡನೆಯ ಜನ್ಮವಿಲ್ಲ, ಇನ್ನೊಂದನ್ನು ಕೊಳ್ಳಬೇಕು. ರೈಲಿನ ಅವಸರವುಳ್ಳ ಮನೆಯಲ್ಲಿ ಅದೊಂದು ಇರಬಾರದೆಂದು ನಾವು ಹೇಳುವುದಿಲ್ಲ. ಅದಕ್ಕಾಗಿ ಕಬ್ಬಿಣದ ಕಾವಲಿಯನ್ನು ಗುಜರಿಗೆ ಹಾಕುವುದನ್ನು ಮಾತ್ರ ಒಪ್ಪಲಾರೆವು.

ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ರಕ್ತವೃದ್ಧಿಯಾಗುವುದೆಂಬ ನಂಬಿಕೆಯೂ ಇರುವುದು. ೨೦೧೯–೨೧ ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆಯಿರುವುದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಥಿಯೋಪಿಯಾ ದೇಶದಲ್ಲಿ ಮಾಡಿದ ಪರೀಕ್ಷೆಯೊಂದರಲ್ಲಿ ಕಬ್ಬಿಣದ ಮಡಕೆಯ ಅಡುಗೆಯನ್ನುಂಡ ಮಕ್ಕಳ ರಕ್ತದ ಸ್ಥಿತಿಯು ಅಲ್ಯುಮಿನಿಯಮ್ ಮಡಕೆಯವರಿಗಿಂತ ಮೇಲಾಗಿದ್ದುದು ೧೯೯೯ ರಲ್ಲಿ ಪ್ರಕಟವಾಯಿತು. ಆದರೆ ಕಬ್ಬಿಣವು ಆಹಾರಕ್ಕಿಳಿಯುವುದು ಹುಳಿಯುಳ್ಳ, ನೀರುಳ್ಳ ಪದಾರ್ಥವು ಬಹಳ ಹೊತ್ತು ಕುದಿದಾಗ ಹೆಚ್ಚು. ಎರಡು ನಿಮಿಷ ಕಾವಲಿಯ ಮೇಲಿದ್ದು ಏಳುವ ದೋಸೆಗೆ, ಅದೂ ನಡುವೆ ಪೊರೆಯಿರುವಾಗ, ಬರುವುದು ಅಲ್ಪ. ರಕ್ತಹೀನತೆಯಿದ್ದವರು ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡದೆ ನುಂಗಬೇಕು. ಕಾವಲಿಯನ್ನು ಔಷಧವೆಂದು ನೆಚ್ಚಬಾರದು.

ದಿನದ ಉಪಚಾರವು ಹೆಚ್ಚಿ‌ನದಲ್ಲ. ಕೆಲಸ ಮುಗಿದ ಮೇಲೆ ಬಿಸಿಯಿರುವಾಗಲೇ ಬಟ್ಟೆಯಿಂದ ಒರೆಸಿಬಿಟ್ಟರೆ ಸಾಮಾನ್ಯವಾಗಿ ತೊಳೆಯುವ ಅಗತ್ಯವೇ ಇರುವುದಿಲ್ಲ. ತೊಳೆದರೆ ಕೂಡಲೇ ಒಲೆಯ ಮೇಲೆ ಒಣಗಿಸಬೇಕು. ಕೋಲಾರದ ಕೊಳವೆಬಾವಿಗಳ ಗಡಸುನೀರು ತಾನಾಗಿ ಆರಿದರೆ ಬೆಳ್ಳಗೆ ಸುಣ್ಣದ ಕಲೆಗಳನ್ನು ಬಿಟ್ಟುಹೋಗುವುದು; ಅವು ಹಿಟ್ಟನ್ನು ಹಿಡಿಯುವುವು. ಒಣಗಿದ ಮೇಲೆ ಎರಡು ಹನಿ ಎಣ್ಣೆಯನ್ನು ಸವರಿ, ಒರೆಸಿ, ಗೋಡೆಗೆ ತೂಗುಹಾಕಿರಿ. ಊರಿಗೆ ಹೋಗುವವರು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟರೆ ತೇವ ತಾಗುವುದಿಲ್ಲ. ಎಣ್ಣೆಯನ್ನು ದಪ್ಪಗೆ ಬಳಿದಿಟ್ಟು ಹೋದರೆ ಹಿಂತಿರುಗಿದಾಗ ಕಮಟುವಾಸನೆಯೂ ಜಿರಲೆಗಳೂ ಕಾದಿರುವುವು.

ಪಡ್ಡಿನ ಹೆಂಚಿಗೂ ಇದೇ ಕ್ರಮವು ಸಲ್ಲುವುದು. ಅದರ ಗುಳಿಗಳಲ್ಲಿ ಎಣ್ಣೆ ನಿಂತು ಅಂಟಾಗುವುದರಿಂದ, ಕಡ್ಡಿಯ ತುದಿಗೆ ಬಟ್ಟೆಯನ್ನು ಬತ್ತಿಯಂತೆ ಸುತ್ತಿಕೊಂಡು ಒಂದೊಂದು ಗುಳಿಯನ್ನೂ ಬೇರೆಬೇರೆಯಾಗಿ ಒರೆಸಬೇಕು, ಕಾಯಿಸುವಾಗ ಹೆಂಚನ್ನು ಬೋರಲು ಹಾಕಬೇಕು. ಪಡ್ಡಿನ ಹಿಟ್ಟಿನ ಹದವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.